ಇಳದು ಹತ್ತೂ ಗಾಡಿ

ಬಾಗಲಕೋಟಿ ನವನಗರದ ನಮ್ಮ ಚಹಾದಂಗಡಿ ಮುಂದ ಗಾಡಿ ಹಚ್ಚೂದಕ್ಕೂ ಒಂದು ಪದ್ಧತಿ ಐತಿ. ಎತ್ತರದ ಗಾಡಿ ಬೇವಿನ ಗಿಡದ ನೆರಳಿಗೆ, ಗಿಡ್ಡ ಗಾಡಿ ಬಿಸಲಿಗೆ. ಬರದಿಟ್ಟ ಕಾಯ್ದೆ ಅಲ್ಲ, ಆದ್ರ ಇಲ್ಲೀತನಕ ಯಾರೂ ಮುರದಿಲ್ಲ. ಈರಣ್ಣನ ಬಿಳಿ ಫಾರ್ಚುನರ್ ಗಿಡದ ಬುಡಕ್ಕ ಬಂದು ನಿಂತಿತಂದ್ರ ಉಳದ ಗಾಡಿ ತಾವಾಗೇ ಸರೀತಾವ. ಈರಣ್ಣ ಕಾಂಟ್ರ್ಯಾಕ್ಟರ್. ಅದರಾಗಿಂದ ಅವ ಇಳಿಯೂದು ನೋಡಬೇಕು. ಮೊದಲ ಬಾಗಿಲಾ ತೆರೀತೈತಿ, ಆಮ್ಯಾಲ ಒಂದು ಕಾಲು ಬರತೈತಿ, ಆಮ್ಯಾಲ ಹೊಟ್ಟಿ, ಕಡೀಕ ಈರಣ್ಣ. ತೇರಿನಿಂದ ಉತ್ಸವಮೂರ್ತಿ ಇಳಿಸಿದಂಗ.

ಇಂತಾದ್ರಾಗ ನಮ್ಮ ಸಂಗಪ್ಪ ಪುಣೆಯಿಂದ ಒಂದು ಹಸಿರು ಕಾರು ತಂದ.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. 2020ರಾಗ ನಮ್ಮ ದೇಶಕ್ಕ ಬಂದದ್ದು ಬರೋಬ್ಬರಿ 200, ಆಗಿನ ಶೋರೂಮ್ ಬೆಲಿ 35.99 ಲಕ್ಷ. ಸಂಗಪ್ಪ ತಂದದ್ದು ಸೆಕೆಂಡ್ ಹ್ಯಾಂಡ್. ಎಷ್ಟಕ್ಕ ತಂದಿ ಅಂದ್ರ ಹೆಂಡತಿಗೆ ಒಂದು ಆಕಡಾ ಹೇಳ್ಯಾನ, ನಮಗೊಂದು, ಬ್ಯಾಂಕಿಗೊಂದು. ಮೂರೂ ಕೂಡಿಸಿ ಮೂರಲೆ ಭಾಗಿಸಿದ್ರ ಖರೇದ್ದು ಸಿಗತೈತಿ ಅಂತ ಕುಲಕರ್ಣಿ ಮಾಸ್ತರ ಅಭಿಪ್ರಾಯ.

"ಮಾರಿದವ ಏನಂದ?" ಅಂತ ಕೇಳಿದೆ ನಾ.

"ಡಾಕ್ಟರ್ ಗಾಡಿ ಅಂದ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಬ್ಯಾರೆ ಕಡೆ ಹೋಗೇ ಇಲ್ಲಂತ."

ರಾಜಾಸಾಬನದು ಪಂಕ್ಚರ್ ಅಂಗಡಿ. ಅವ ಮಾತಾಡದ ಕುಕ್ಕರಗಾಲಲೆ ಕೂತು ನಾಕೂ ಟೈರ್ ಕೈಲೆ ಸವರಿದ. ಎದ್ದು ಕೈ ಝಾಡಿಸಿ, "ಡಾಕ್ಟರು ಭಾಳ ಅರ್ಜಂಟ್ ಕೇಸ್ ನೋಡತಿದ್ರಂತ ಕಾಣತೈತಿ" ಅಂದ.

ಈರಣ್ಣ ಗಾಡಿ ಸುತ್ತ ಎರಡು ಪ್ರದಕ್ಷಿಣಿ ಹಾಕಿದ. "ಲೇ ಸಂಗ್ಯಾ, ಇದರಾಗ ಮೂವತ್ತಾರು ಲಕ್ಷ ಎಲ್ಲೈತಿಲೇ? ನೋಡಾಕ ಲಗ್ನದಾಗ ಬೀಗರನ್ನ ಕರಕೊಂಡು ಬರೂ ಬಾಡಿಗಿ ಕಾರ್ ಕಂಡಂಗ ಕಾಣತೈತಿ."

"ಒಳಗೈತಿ. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. 245 ಕುದುರಿ."

"ಒಳಗಿದ್ರ ಮಂದಿಗೆ ಹೆಂಗ ಕಾಣತಾವ? ಕಾಣದ ಕುದುರಿಗೆ ಯಾರು ನಮಸ್ಕಾರ ಮಾಡ್ತಾರ?"

ಇದು ಬರೇ ಚ್ಯಾಷ್ಟಿ ಮಾತಲ್ಲ. ನಮ್ಮ ಕಡೆ ಗಾಡಿ ಮರ್ಯಾದಿ ಅಳಿಯೂದು ನೆಲದಿಂದ ಮ್ಯಾಲಕ್ಕ. ಒಂದು ಪಂಚಾಯ್ತಿಗೆ ಹೋಗ್ರಿ, ಒಂದು ಕನ್ಯಾ ನೋಡಾಕ ಹೋಗ್ರಿ, ಎತ್ತರದ ಗಾಡಿಯಿಂದ ಇಳದವನಿಗೆ ಮೊದಲ ಕುರ್ಚಿ. ಸಂಗಪ್ಪನ ಗಾಡಿಯಿಂದ ಇಳಿಯೂದಲ್ಲ, ಏಳಬೇಕು. ಒಬ್ಬರು ಕೈ ಹಿಡದು ಎಬ್ಬಿಸಿದ್ರ ಇನ್ನೂ ಚೊಲೊ.

ಸಂಗಪ್ಪನ ಮಾರಿ ಸಣ್ಣದಾತು. ಆಗ ಅವನ ಕೈ ಹಿಡದವ ರಾಜಾಸಾಬ. "ಈರಣ್ಣಾ, ಮುಧೋಳ ನಾಯಿ ನೋಡಿಯಿಲ್ಲ? ಹೊಟ್ಟಿ ಬೆನ್ನಿಗೆ ಹತ್ತಿರತೈತಿ, ಒಂದೊಂದ ಎಲುಬು ಎಣಿಸಬಹುದು. ಗೊತ್ತಿಲ್ಲದವ ಇದಕ್ಕ ಕೂಳ ಹಾಕಿಲ್ಲೇನು ಅಂತಾನ. ಬಿಟ್ಟ ಮ್ಯಾಲ ಏನಂತ ಮೊಲಕ್ಕ ಗೊತ್ತಾಗತೈತಿ."

"2005ರಾಗ ಅಂಚೆ ಇಲಾಖೆ ಮುಧೋಳ ನಾಯಿ ಚಿತ್ರದ ಸ್ಟ್ಯಾಂಪ್ ತಂದೈತಿ. ಫಾರ್ಚುನರಿಂದು ತಂದೈತೇನೋ ಈರಣ್ಣಾ?" ಅಂದ್ರು ಮಾಸ್ತರ.

ಆವತ್ತಿನ ಚಹಾದ ರೊಕ್ಕ ಸಂಗಪ್ಪನ ಕೊಟ್ಟ.

ಮಾಸ್ತರಿಗೆ ಒಂದು ಚಟ. ತಿಳೀದ ವಿಷಯ ತಿಳಕೊಳ್ಳೂತನಕ ನಿದ್ದಿ ಹತ್ತೂದಿಲ್ಲ, ತಿಳಕೊಂಡ ಮ್ಯಾಲ ನಮಗ ನಿದ್ದಿ ಮಾಡಗೊಡೂದಿಲ್ಲ. ನಾಕ ದಿನದಾಗ ಟಾರ್ಕ್, ಹಾರ್ಸ್‌ಪವರ್, ಗಿಯರ್‌ಬಾಕ್ಸ್ ಎಲ್ಲಾ ಅರದು ಕುಡದು ಬಂದ್ರು.

"ಇದರ ಟಾರ್ಕ್ 370 ನ್ಯೂಟನ್ ಮೀಟರ್. ಟಾರ್ಕ್ ಅಂದ್ರೇನು? ತೆರಬಂಡಿ ಸ್ಪರ್ಧಾ ನೆನಸ್ಕೋರಿ. ಗಾಲಿ ಕಟ್ಟಿದ ಬಂಡಿ ಜಗ್ಗಾಕ ಎತ್ತು ಮೊದಲನೇ ಸಲ ಹೆಗಲು ಕೊಡತೈತೆಲ್ಲ, ಆ ಜಗ್ಗು ಟಾರ್ಕ್. ಜಗ್ಗಿದ್ದನ್ನ ಎಷ್ಟು ಚುರುಕ ಒಯ್ತೈತಿ ಅನ್ನೂದು ಹಾರ್ಸ್‌ಪವರ್."

"ಮತ್ತ ಆ ಡಿಎಸ್‌ಜಿ ಗಿಯರ್‌ಬಾಕ್ಸ್ ಅಂದ್ರ?"

"ಏಳು ಗಿಯರಿಗೆ ಎರಡು ಕ್ಲಚ್. ಒಂದು, ಮೂರು, ಐದು, ಏಳು ಒಂದ್ರ ಕೈಯಾಗ. ಎರಡು, ನಾಕು, ಆರು ಇನ್ನೊಂದ್ರ ಕೈಯಾಗ. ಪಂಕ್ತಿಯಾಗ ಒಬ್ಬ ಹೋಳಿಗಿ ಬಡಿಸೂದ್ರಾಗ ಹಿಂದ ಇನ್ನೊಬ್ಬ ತುಪ್ಪದ ಗಿಂಡಿ ಹಿಡಕೊಂಡ ನಿಂತಿರತಾನಿಲ್ಲ? ಹಂಗ. ಎಲಿ ಮುಂದ ಕೂತವನಿಗೆ ಕೈ ಬದಲಾದದ್ದ ಗೊತ್ತಾಗೂದಿಲ್ಲ."

ಮುಂದಿನ ಎರಡು ಗಾಲಿಗಷ್ಟ ಎಂಜಿನ್ನಿನ ತಾಕತ್ತು ಹೋಗತೈತಿ, ತಿರುವಿನ್ಯಾಗ ಒಳಗಿನ ಗಾಲಿ ಸುಮ್ನ ತಿರುಗಾಕ ಹತ್ತಿದ್ರ ಇದರಾಗಿನ ಲಿಮಿಟೆಡ್-ಸ್ಲಿಪ್ ಡಿಫರೆನ್ಷಿಯಲ್ ಅನ್ನೂದು ಆ ತಾಕತ್ತನ್ನ ಹೊರಗಿನದಕ್ಕ ಕೊಡತೈತಿ ಅಂತನೂ ಹೇಳಿದ್ರು. ಒಂದೆತ್ತು ಕಳ್ಳಬಿದ್ರ ಭಾರ ಜೋಡಿ ಎತ್ತಿಗೆ ಅಂತ ನಾವು ತಿಳಕೊಂಡ್ವಿ.

"ಆತ್ರಿ ಸರ, ಓಡೂದು ಎಷ್ಟ ಓಡತೈತಿ?"

"ನಿಂತಲ್ಲಿಂದ ನೂರು ಮುಟ್ಟಾಕ 6.6 ಸೆಕೆಂಡ್. ಮ್ಯಾಲ 250ರತನಕ."

"ರಸ್ತೆ ಮ್ಯಾಲ ಎಷ್ಟಕ್ಕ ಬಿಡತಾರ?"

"ನಾಕ ಲೇನಿನ ಹೆದ್ದಾರಿ ಮ್ಯಾಲ ನೂರು."

ಈರಣ್ಣ ಬಸಿ ಕೆಳಗಿಟ್ಟ. "ಅಂದ್ರ ಆರೂವರಿ ಸೆಕೆಂಡಿಗೆ ಇವನ ಆಟ ಮುಗೀತು. ಏಳನೇ ಸೆಕೆಂಡಿನಿಂದ ಇವನೂ ನಾನೂ ಒಂದ. ಮಾಸ್ತರ, ಲೆಕ್ಕ ಮಾಡ್ರಿ, ಸೆಕೆಂಡಿಗೆ ಎಷ್ಟ ಬಿತ್ತು?"

ಮಾಸ್ತರ ಗಾಳಿಯಾಗ ಬಟ್ಟಿನಿಂದ ಬರದ್ರು. "ಹೊಸಾದ್ರ ಬೆಲಿ ಹಿಡದ್ರ ಐದು ಲಕ್ಷ ನಾಲ್ವತ್ತೈದು ಸಾವಿರ."

ಆ ಆರೂವರಿ ಸೆಕೆಂಡ್ ನೋಡೇ ಬಿಡೂಣಂತ ಒಂದು ಆಯ್ತವಾರ ನಸುಕಿನ್ಯಾಗ ಹೊಂಟ್ವಿ. ಹುನಗುಂದಕ್ಕ ಹೋಗಿ ಹೊಸಪೇಟೆ ಹೆದ್ದಾರಿ ಹಿಡಿಯೂದು, ಹೊಳ್ಳಿ ಬರೂವಾಗ ಅಮೀನಗಡದಾಗ ಕರದಂಟು ತಗೊಳ್ಳೂದು. ಈರಣ್ಣಗೂ ಕರದಿದ್ವಿ. "ನನ್ನ ಹೊಟ್ಟಿ ಅದರಾಗ ಮಡಚೂದಿಲ್ಲ" ಅಂದ, ಆದ್ರೂ ಬಂದ. ಹಿಂದ ಮೂರು ಮಂದಿ, ಮುಂದ ಸಂಗಪ್ಪ, ಅವನ ಬಾಜೂಕ ರಾಜಾಸಾಬ. ರಾಜಾಸಾಬಗ ಯಾಕ ಮುಂದಿನ ಸೀಟು ಅನ್ನೂದು ಮೊದಲನೇ ಊರಾಗ ತಿಳೀತು.

ಅದು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಅಂದ್ರ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮ್ಯಾಲ ಸಣ್ಣಗ ಬಾಗಿರಬೇಕು. ಮಾಸ್ತರ ಇದನ್ನ ಹೇಳಿದ್ದು ನಾವು ಆ ಹಂಪಿನ ಮುಂದ ನಿಂತಾಗ. ಅದನ್ನ ಕಟ್ಟಿದವರು ಕಾಂಗ್ರೆಸ್ಸಿನವರೂ ಅಲ್ಲ, ಬ್ಯಾರೆ ಪಕ್ಷದವರೂ ಅಲ್ಲ. ಯಾರದೋ ಎಮ್ಮಿಗೆ ಲಾರಿ ಬಡದ ರಾತ್ರಿ ಊರವರು ಸಿಟ್ಟಿಗೆದ್ದು ಹಾಕಿದ್ದು. ಆ ಸಿಟ್ಟು ಇನ್ನೂ ಹಂಗ ನಿಂತಿತ್ತು, ಅಡ್ಡಗ್ವಾಡಿಯಂಗ. ಸಂಗಪ್ಪನ ಗಾಡಿ ಮೊದಲ ಗಿಡ್ಡ. ಅದರಾಗ ಕಂಪನಿಯವರು ಸಾದಾ ಆಕ್ಟೇವಿಯಾಕ್ಕಿಂತ 15 ಮಿಲಿಮೀಟರ್ ತಗ್ಗಿಸ್ಯಾರ, ಗಾಡಿ ನೆಲಾ ಕಚ್ಚಿ ಹಿಡೀಲಿ ಅಂತ. ನಮ್ಮ ಕಡೆ ನೆಲಾನ ಎದ್ದು ಗಾಡಿ ಕಚ್ಚತೈತಿ.

"ಎಲ್ಲಾರೂ ಇಳೀರಿ" ಅಂದ ಸಂಗಪ್ಪ.

ಇಳದ್ವಿ. ರಾಜಾಸಾಬ ಮೊಬೈಲ್ ಬ್ಯಾಟರಿ ಹಚ್ಚಿ ರಸ್ತೆ ಮ್ಯಾಲ ಬಕ್ಕಬಾರ್ಲೆ ಮಲಗಿದ, ಒಂದು ಗಲ್ಲ ಡಾಂಬರಿಗೆ ಹಚ್ಚಿ. "ಬಾ. ಬಾ. ಎಡಕ್ಕ ಮುರಿ. ಇನ್ನಷ್ಟು. ಅಡ್ಡ ತಗೋ ಅಡ್ಡ. ನಿಂದರ್ಸ್! ಒಂದು ಬಟ್ಟು ಐತಿ. ಉಸರು ಹಿಡದು ಬಾ." ಸಂಗಪ್ಪ ಖರೇನ ಉಸರು ಹಿಡದಿದ್ದ, ತಾ ಉಸರು ಬಿಟ್ರ ಗಾಡಿ ಭಾರ ಆಗತೈತಿ ಅನ್ನೂವಂಗ. ಒಂದು ಗಾಲಿ ಏರಿತು. ಕೆಳಗ ಎಲ್ಲೋ ‘ಕರ್‌ರ್’ ಅಂತು. ನಾವೆಲ್ಲಾ ಹಲ್ಲು ಕಚ್ಚಿದ್ವಿ. ಈರಣ್ಣನೂ ಕಚ್ಚಿದ, ನಾ ನೋಡೀನಿ.

ಕಟ್ಟಿ ಮ್ಯಾಲ ಒಬ್ಬಾಕಿ ಮುದುಕಿ ಹಲ್ಲುಪುಡಿ ತಿಕ್ಕೋತ ಕುಂತಿದ್ಲು. "ಕೆಟ್ಟೈತೇನೋ ಯಪ್ಪಾ?"

"ಇಲ್ಲಬೇ, ಚೊಲೊ ಐತಿ. ಹಂಪ್ ದಾಟಸಾಕ ಹತ್ತೇವಿ."

"ನಾಕ ಮಂದಿ ಇಳದು ದಾಟಸ್ತೀರಂದ್ರ ಚೊಲೊ ಹೆಂಗಾತು? ನಮ್ಮ ಚಕ್ಕಡಿನ ಬೇಷಿ" ಅಂತ ಪುಚಕ್ಕನ ಉಗುಳಿದ್ಲು.

ಹುನಗುಂದ ಮುಟ್ಟೂದ್ರಾಗ ಎಷ್ಟ ಸಲ ಇಳದು ಹತ್ತಿದ್ವಿ ಅಂತ ಎಣಿಸೂದು ಬಿಟ್ವಿ. ರಾಜಾಸಾಬನ ಅಂಗಿ ಮುಂದಿನಿಂದ ಕರಿ, ಹಿಂದಿನಿಂದ ಬಿಳಿ ಆಗಿತ್ತು.

ಆದ್ರ ಹೆದ್ದಾರಿ ಬಂತು. ಸೂರ್ಯಾ ಆಗ ಮೂಡಿದ್ದ, ರಸ್ತೆ ಖಾಲಿ, ಎರಡೂ ಕಡೆ ಬಿಳಿಜೋಳದ ಹೊಲ. ಸಂಗಪ್ಪ ಬಾಜೂಕ ನಿಲ್ಲಿಸಿ, ಹಿಂದ ಮುಂದ ನೋಡಿ, "ಬೆಲ್ಟ್ ಹಾಕ್ಕೋರಿ" ಅಂತಷ್ಟ ಅಂದ. ಆಮ್ಯಾಲ ಏನಾತಂತ ಬರಿಯಾಕ ಕುಂತ್ರ, ಬರಿಯೂದ್ರಾಗ ಅದು ಮುಗದು ಹೋಗಿರತೈತಿ. ಬೆನ್ನಿಗೆ ಸೀಟು ಬಂದು ಬಡೀತು. ಸದ್ದು ಮೊದಲ ಕೆಳಗಿತ್ತು, ಆಮ್ಯಾಲ ಎದಿಯಾಗಿತ್ತು. ಜೋಳದ ತೆನಿ ಒಂದೊಂದ ಕಾಣತಿದ್ದವು, ಒಮ್ಮೆಲೆ ಬಿಳಿ ಗೆರಿ ಆದವು. ಮಾಸ್ತರ ಬಾಯಾಗಿನ ಅಡಿಕಿ ಸೀದಾ ಹೊಟ್ಟಿಗೆ ಹೋತು. ಮುಳ್ಳು ನೂರಕ್ಕ ಬಂದಾಗ ಸಂಗಪ್ಪ ಕಾಲು ತಗದ. ಯಾರೂ ಮಾತಾಡಲಿಲ್ಲ.

ಈರಣ್ಣ ಸಾವಕಾಶ, "ಇನ್ನೊಮ್ಮೆ ಮಾಡು" ಅಂದ.

ಏಳು ಸಲ ಮಾಡಿದ್ವಿ. ನಾ ಇನ್ಶೂರೆನ್ಸ್ ಏಜೆಂಟ್, ಜೀವದ ಬೆಲಿ ತಿಳದವ. ಆದ್ರೂ ಹೇಳ್ತೀನಿ, ಸೆಕೆಂಡಿಗೆ ಐದೂವರಿ ಲಕ್ಷ ತುಟ್ಟಿ ಅನಸಲಿಲ್ಲ. ತುಟ್ಟಿ ಅನಿಸಿದ್ದು ಆಮ್ಯಾಲ, ಅಮೀನಗಡದ ಈಚೆ ಒಂದು ತಗ್ಗಿನ್ಯಾಗ ಗಾಲಿ ಇಳದಾಗ. ಹದಿನೆಂಟು ಇಂಚಿನ ಗಾಲಿ, ಅದರ ಸುತ್ತ ರಬ್ಬರು ನಾಕೈದು ಬೆರಳ ಅಗಲ ಅಷ್ಟ. ಟೈರಿನ ಪಕ್ಕಡಿಗೆ ನಿಂಬಿಕಾಯಿಯಷ್ಟು ಗಂಟು ಎದ್ದಿತ್ತು. ರಾಜಾಸಾಬ ಅದನ್ನ ಮುಟ್ಟಿ ನೋಡಿದ, ನಾಡಿ ಹಿಡದ ವೈದ್ಯನಂಗ. "ಇದು ಹೋತು. ಈ ಸೈಜು ನನ್ನ ಕಡೆ ಇಲ್ಲ. ಊರಾಗ ಯಾರ ಕಡೇನೂ ಇಲ್ಲ. ಹುಬ್ಬಳ್ಳಿಗೆ ಫೋನ್ ಹಚ್ಚಬೇಕು." ಸಂಗಪ್ಪ ಕರದಂಟಿನ ಡಬ್ಬಿ ತಗದು ಎಲ್ಲಾರಿಗೂ ಒಂದೊಂದ ತುಣುಕು ಕೊಟ್ಟ. ಮಣ್ಣು ಕೊಟ್ಟು ಬಂದ ಮನ್ಯಾಗ ಬೆಲ್ಲ ಕೊಟ್ಟಂಗಿತ್ತು.

ಗಂಟು ಎದ್ದ ಟೈರ್ ಮ್ಯಾಲನ ಸಾವಕಾಶ ಹೊಂಟಾಗ ಸಂಗಪ್ಪನ ಮನಸಿನ್ಯಾಗಿನದು ಹೊರಗ ಬಂತು. ಹೋದ ಅಕ್ಟೋಬರ್‌ದಾಗ, ಅಂದ್ರ 2025ರಾಗ, ಹೊಸಾ ಆರ್‌ಎಸ್ ಬಂತು. 265 ಕುದುರಿ, 49.99 ಲಕ್ಷ, ದೇಶಕ್ಕೆಲ್ಲಾ 100 ಅಷ್ಟ. ಸಂಗಪ್ಪ ಫೋನ್ ಹಿಡಕೊಂಡ ಕುಂತಿದ್ದ, ಇಪ್ಪತ್ತು ನಿಮಿಷದಾಗ ಎಲ್ಲಾ ಖಾಲಿ.

"ಸಿಕ್ಕಿದ್ರ ರೊಕ್ಕ ಎಲ್ಲಿಂದ ತರತಿದ್ದಿ?" ಅಂದೆ.

"ಮುಳಗಡಿ ರೊಕ್ಕ ಬರತೈತಲ್ಲ."

ಬಾಗಲಕೋಟಿಯಾಗ ಈ ಮಾತಿಗೆ ಯಾರೂ ನಗೂದಿಲ್ಲ. ನಾವು ಚಹಾ ಕುಡಿಯೂ ನವನಗರನ ಆಲಮಟ್ಟಿ ಹಿನ್ನೀರಿನ್ಯಾಗ ಮನಿ ಮುಳಗಿದ ಮಂದಿಗೆ ಕಟ್ಟಿದ್ದು. ಆಲಮಟ್ಟಿ ಅಣೆಕಟ್ಟಿ ಎತ್ತರ 519.6ರಿಂದ 524.256 ಮೀಟರಿಗೆ ಏರಿದ್ರ ಸಂಗಪ್ಪನ ಬೀಳಗಿ ಕಡೀನ ಹೊಲಾನೂ ಹೋಗತೈತಿ. 2025ರ ಸೆಪ್ಟೆಂಬರ್‌ದಾಗ ರಾಜ್ಯ ಸಂಪುಟದವರು ಪರಿಹಾರ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕ 30 ಲಕ್ಷ ಅಂತ ಠರಾವ್ ಮಾಡಿದ್ರು.

ಮಾಸ್ತರ ಬಟ್ಟು ಮತ್ತ ಗಾಳಿಗೆ ಬಂತು. "ಗಾಡಿ ಐವತ್ತು ಲಕ್ಷ ಹಿಡೀರಿ. ಇಪ್ಪತ್ತು ಲಕ್ಷದ ಮ್ಯಾಲಿನ ಗಾಡಿಗೆ ನಮ್ಮ ರಾಜ್ಯದಾಗ ರೋಡ್ ಟ್ಯಾಕ್ಸು ನೂರಕ್ಕ 18, ಅದರ ಮ್ಯಾಲ ಸೆಸ್ಸು, ಹತ್ರಹತ್ರ 20. ಅಂದ್ರ ಅರವತ್ತು ಲಕ್ಷ. ಒಂದೂವರಿ ಎಕರೆ ನೀರಾವರಿ."

"ಒಣಾದಾದ್ರ ಎರಡೆಕರೆ" ಅಂದ ಸಂಗಪ್ಪ ತಡಾ ಮಾಡದ. ಈ ಲೆಕ್ಕ ಅವ ರಾತ್ರಿ ಎಷ್ಟು ಸಲ ಮಾಡಿದ್ನೋ.

"ಅಲ್ಲಿ ಇಪ್ಪತ್ತು ನಿಮಿಷದಾಗ ಗಾಡಿ ಖಾಲಿ" ಅಂದ ಈರಣ್ಣ. "ಇಲ್ಲಿ 1964ರಾಗ ಅಡಿಗಲ್ಲು ಹಾಕ್ಯಾರ, ಇನ್ನೂ ಕಟ್ಟಿ ಏರಸೂ ಮಾತ ನಡದೈತಿ. ನಿನ್ನ ರೊಕ್ಕ ಬರೂದ್ರಾಗ ಗಾಡಿ ಗಾಳಿಯಾಗ ಹಾರತಿರತಾವ. ಆಗ ನಿನಗ ಹಂಪಿನ ಕಾಟ ಇರೂದಿಲ್ಲ ಬಿಡು."

"ಕಟ್ಟಿ ಏರಿದಷ್ಟೂ ಇವನ ಗಾಡಿ ಇಳೀತಾ ಹೋಗತೈತಿ ನೋಡ್ರಿ" ಅಂದ ರಾಜಾಸಾಬ.

ಸಂಗಪ್ಪ ನಕ್ಕ, ಆದ್ರ ಕನ್ನಡಿ ಕಡೆ ನೋಡಕೋತ.

ಗದ್ದನಕೇರಿ ಕ್ರಾಸಿನಿಂದ ಬೀಳಗಿ ಕಡೆ ಹೊಳ್ಳಿದ್ವಿ. ಅವನ ಹೊಲದಾಗ ಕಬ್ಬು ಕಡಿಯೂ ಗ್ಯಾಂಗಿಗೆ ರೊಕ್ಕ ಕೊಡೂದಿತ್ತು. ನಡುವ ಪೆಟ್ರೋಲ್ ಬಂಕಿನ್ಯಾಗ ಮತ್ತೊಂದು ಗೋಳು. ಈಗಿನ ಪೆಟ್ರೋಲಿನ್ಯಾಗ ನೂರಕ್ಕ ಇಪ್ಪತ್ತು ಎಥೆನಾಲ್. ಎಥೆನಾಲಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಸುವು ಕಮ್ಮಿ, ಅದಕ್ಕ ಮೈಲೇಜ್ ಇಳೀತೈತಿ ಅಂತ ಸಂಗಪ್ಪ ವಟಗುಟ್ಟಿದ.

"ಎಥೆನಾಲ್ ಎದರಿಂದ ಮಾಡತಾರ?" ಅಂತ ಮಾಸ್ತರ ಕೇಳಿದ್ರು, ಸಾಲ್ಯಾಗ ಕೇಳಿದಂಗ.

"ಕಬ್ಬಿನಿಂದರಿ."

"ಕಬ್ಬು ಯಾರು ಹಚ್ಚತಾರ?"

ಸಂಗಪ್ಪ ಟ್ಯಾಂಕಿನ ಬಾಯಿ ಮುಚ್ಚಿ ಸುಮ್ಮನ ಬಂದು ಕುಂತ.

ಹೊಲ ಇನ್ನೂ ಆರೇಳು ಕಿಲೋಮೀಟರ್ ಇದ್ದಾಗ ಮುಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಡಬಲ್ ಡಬ್ಬಿ, ಹಸೀ ಕಬ್ಬು ಎರಡೂ ಕಡೆ ರಸ್ತೆ ಅಗಲ ಚಾಚಿತ್ತು, ಟೇಪಿನ್ಯಾಗ ಜೋರು ಹಾಡು. ಸೈಡ್ ಹೊಡಿಯಾಕ ಜಾಗಿಲ್ಲ, ಕೆಳಗ ಇಳಸಾಕ ಟೈರಿಗೆ ಗಂಟು. ಐವತ್ತು ಕುದುರಿ ಹಿಂದ ಇನ್ನೂರಾ ನಾಲ್ವತ್ತೈದು ಕುದುರಿ, ತಾಸಿಗೆ ಹದಿನೈದು ಕಿಲೋಮೀಟರಿನಂಗ, ಮದವಿ ಮೆರವಣಿಗಿಯಂಗ ಹೊಂಟವು. ಡಿಎಸ್‌ಜಿ ಒಂದಕ್ಕ ಬರತಿತ್ತು, ಎರಡಕ್ಕ ಹೋಗತಿತ್ತು, ಮತ್ತ ಒಂದಕ್ಕ. ಹೋಳಿಗಿ ಬಡಸೂವನೂ ತುಪ್ಪದವನೂ ಒಬ್ಬರನ್ನೊಬ್ಬರು ನೋಡಕೋತ ನಿಂತಂಗ.

ಈರಣ್ಣಗ ಬಾಯಿ ಒಣಗಿತ್ತು. ಕಿಟಕಿ ಇಳಸಿ ಕೈ ಹೊರಗ ಹಾಕಿದ, ಹಿಂದಿನ ಡಬ್ಬಿಯಿಂದ ಒಂದು ಗಳಾ ಜಗ್ಗಾಕ. ಇದು ನಮ್ಮ ಕಡೆ ಹುಟ್ಟಿದ ಎಲ್ಲಾರಿಗೂ ಬರೂ ವಿದ್ಯಾ. ಸಂಗಪ್ಪ ಪಾಪ, ಗಾಡಿ ಮೂಲಿಗೆ ತಂದು ಕೊಟ್ಟ. ಈರಣ್ಣ ಭುಜದತನಕ ಹೊರಗ ಬಂದ, ಬಟ್ಟು ಚಾಚಿದ, ಹೊಟ್ಟಿ ಬಾಗಿಲಕ್ಕ ಸಿಕ್ಕೊಂಡಿತು. ಕಬ್ಬಿನ ತುದಿ ಅವನ ಕೈಯಿಂದ ಒಂದು ಗೇಣು ಮ್ಯಾಲ ತೂಗಾಡಕೋತ ಹೊಂಟಿತ್ತು.

"ಎಟಕವಲ್ತೋ ಸಂಗ್ಯಾ" ಅಂದ.