ನೆಲಮಟ್ಟದ ಕಿಟಕಿ ಗಾಜು: ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದಿದ್ದೇವೆ. ಹಾಲ್‌ನ ಕಿಟಕಿ ನೆಲದಿಂದ ಒಂದು ಗೇಣಿಗೇ ಶುರುವಾಗುತ್ತದೆ. ನೋಡೋಕೆ ಚೆಂದ. ಆದರೆ ಒಂದೂವರೆ ವರ್ಷದ ಮಗಳು ದಿನವಿಡೀ ಆ ಗಾಜಿಗೇ ಒರಗಿ ನಿಲ್ಲುತ್ತಾಳೆ. ನನಗೆ ಎದೆ ಢವಢವ.

ಟಫನ್ಡ್ ಗಾಜಿನ (ಕಾಯಿಸಿ ಗಟ್ಟಿ ಮಾಡಿದ ಗಾಜು) ಮೂಲೆಯಲ್ಲಿ ಸಾಮಾನ್ಯವಾಗಿ ಸಣ್ಣ ಮುದ್ರೆ ಇರುತ್ತದೆ. ಇಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ. ಮಾಮೂಲಿ ಗಾಜೇ ಇರಬೇಕು, ಒಡೆದರೆ ಚೂರಿಯಂಥ ಚೂರು. ಟಫನ್ಡ್ ಆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ ಸರಿ, ಉದುರಿದ ಮೇಲೆ ಅಲ್ಲಿ ಬರೀ ಖಾಲಿ ಜಾಗ ಅಲ್ವಾ? ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು) ಒಡೆದರೂ ಆ ಪದರಕ್ಕೆ ಅಂಟಿಕೊಂಡಿರುತ್ತದೆ.

ಸದ್ಯಕ್ಕೆ ಗಾಜಿಗೆ ಸೇಫ್ಟಿ ಫಿಲ್ಮ್ (ಒಡೆದ ಚೂರು ಹಿಡಿದಿಡುವ ಪ್ಲಾಸ್ಟಿಕ್ ಹಾಳೆ) ಅಂಟಿಸಿ, ಒಳಗಡೆ 10 ಸೆಂ.ಮೀ.ಗಿಂತ ಕಡಿಮೆ ಸಂದಿಯ ಉದ್ದುದ್ದ ಸರಳಿನ ಗ್ರಿಲ್ ಹಾಕಿಸಿದರೆ ಸಾಕೇ? (ಅಡ್ಡ ಸರಳು ಬೇಡ, ಅವಳಿಗೆ ಏಣಿ ಸಿಕ್ಕ ಹಾಗೆ. ಸೊಳ್ಳೆ ಪರದೆಯಂತೂ ಮಗುವಿನ ಭಾರ ತಡೆಯುವುದಿಲ್ಲ.) ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.