ಪಕ್ಕದ ಹೋಮ್‌ಸ್ಟೇ ಗಲಾಟೆ, ಬೇಲಿ ಒತ್ತುವರಿ: ದೂರು ಎಲ್ಲಿ?

ಪ್ರಶ್ನೆ: ಮಡಿಕೇರಿ ಹತ್ತಿರ ಸ್ವಂತ ಮನೆ. ಪಕ್ಕದ ಹೋಮ್‌ಸ್ಟೇಯಲ್ಲಿ ನಡುರಾತ್ರಿವರೆಗೆ ಡಿಜೆ, ಕೇಳಿದರೆ ಬೆದರಿಕೆ. ಈಗ ಬೇಲಿಯನ್ನೂ ನಮ್ಮ ಕಡೆ ಸರಿಸಿದ್ದಾರೆ. ಏನು ಮಾಡಲಿ?

ಉತ್ತರ: ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬಲ್. ಮೊಬೈಲ್ ಆ್ಯಪ್ ಅಳತೆ ಕರಾರುವಾಕ್ಕಲ್ಲ. ನಿಮ್ಮ ಕಿಟಕಿಯಿಂದಲೇ ವಿಡಿಯೊ ಮಾಡಿಡಿ. ಠಾಣೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಇಲ್ಲದೆ ಹೊರಡಬೇಡಿ. ಪ್ರವಾಸೋದ್ಯಮ ಇಲಾಖೆಗೂ ಪ್ರತಿ ಕೊಡಿ.

ಉತ್ತರ: ಬೆದರಿಸಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅದಕ್ಕೇ ಇರುವುದು.

ಉತ್ತರ: ದಯವಿಟ್ಟು ಬೇಲಿ ಕೀಳಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತದೆ. ಹದ್ದುಬಸ್ತಿಗೆ, ಅಂದರೆ ಜಾಗ ಅಳೆದು ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟೇ ಅಳೆಯುತ್ತಾರೆ. ಮಳೆಗೆ ಮುಂಚೆ ಮಾಡಿಸಿ, ಆಮೇಲೆ ಕಾಡು ಬೆಳೆದು ಗಡಿಕಲ್ಲೇ ಕಾಣದು. ಅಳತೆಯಾದ ಮೇಲೂ ಜಾಗ ಬಿಡದಿದ್ದರೆ ಆ ನಕ್ಷೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಿ.