ವೋಲ್ಗಾ ಜರ್ಮನ್ನರನ್ನು ಹೊರಹಾಕಿದ್ದು ಸರಿಯೇ?

ನದಿದಂಡೆ:
1941ರ ಆಗಸ್ಟ್ 28. ಹಿಟ್ಲರನ ಸೇನೆ ಸೋವಿಯತ್ ಒಕ್ಕೂಟಕ್ಕೆ ನುಗ್ಗಿ ಎರಡು ತಿಂಗಳಾಗಿತ್ತು. ಅವತ್ತು ಮಾಸ್ಕೋದಿಂದ ಒಂದು ಆದೇಶ ಹೊರಟಿತು. ರಷ್ಯಾದ ವೋಲ್ಗಾ ನದಿ ತೀರದ ಜರ್ಮನ್ನರ ನಡುವೆ ಸಾವಿರಾರು, ಹತ್ತಾರು ಸಾವಿರ ಗೂಢಚಾರರಿದ್ದಾರೆ, ಅವರ ಬಗ್ಗೆ ಯಾರೂ ದೂರು ಕೊಟ್ಟಿಲ್ಲ, ಅಂದರೆ ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಅಂತ ಅದರ ವಾದ. ಕೆಲವೇ ವಾರಗಳಲ್ಲಿ ಸುಮಾರು 4 ಲಕ್ಷ ಜನರನ್ನು ಸೈಬೀರಿಯಾ, ಕಜಾಕ್‌ಸ್ತಾನಕ್ಕೆ ಸಾಗಿಸಿದರು. ಇವರ ಹಿರಿಯರು ರಷ್ಯಾದ ಕ್ಯಾಥರೀನ್ ರಾಣಿ 1763ರಲ್ಲಿ ಕರೆದಳೆಂದು ಬಂದು ನೆಲೆಸಿದವರು. ಸರ್ಕಾರಕ್ಕೆ ಬೇರೆ ದಾರಿ ಇರಲಿಲ್ಲವೇ? ಏನಂತೀರಿ?

ಗಡಿನಾಡಿಗ:
ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಚೆಕೊಸ್ಲೊವಾಕಿಯಾದಲ್ಲಿ ಏನಾಯಿತು ನೋಡಿ. 1935ರ ಚುನಾವಣೆಯಲ್ಲಿ ಅಲ್ಲಿನ ಜರ್ಮನ್ ಮತದಾರರಲ್ಲಿ ಸುಮಾರು ಮೂರನೇ ಎರಡು ಭಾಗ ಹಿಟ್ಲರನ ಪರವಾಗಿದ್ದ ಹೆನ್ಲೈನನ ಪಕ್ಷದ ಬೆನ್ನಿಗೆ ನಿಂತರು. ಮೂರೇ ವರ್ಷದಲ್ಲಿ ಆ ಜರ್ಮನ್ನರಿದ್ದ ಗಡಿಭಾಗ, ಸುಡೆಟನ್ ಪ್ರದೇಶ, ಹಿಟ್ಲರನ ಪಾಲಾಯಿತು. 1939ರಲ್ಲಿ ಪೋಲೆಂಡಿನ ಜರ್ಮನ್ನರ ಸೆಲ್ಬ್‌ಸ್ಟ್‌ಶುಟ್ಸ್ (‘ಆತ್ಮರಕ್ಷಣೆ’) ಎಂಬ ಸಶಸ್ತ್ರ ಪಡೆ ಸ್ವಂತ ನೆರೆಹೊರೆಯವರನ್ನೇ ಕೊಂದಿತು. ಇದನ್ನೆಲ್ಲ ಕಣ್ಣಾರೆ ಕಂಡ ಸರ್ಕಾರ ಸುಮ್ನೆ ಕೂರಬೇಕಿತ್ತಾ?

ಹೇಮಾವತಿ:
ಸರ್, ಸುಡೆಟನ್ ಜರ್ಮನ್ನರಲ್ಲೇ ವೆಂಜೆಲ್ ಯಾಕ್ಷ್ ಎಂಬ ನಾಯಕ ಇದ್ದರಲ್ಲ? ಅವರ ಸೋಷಿಯಲ್ ಡೆಮಾಕ್ರಟ್ ಪಕ್ಷ ಕೊನೆಯವರೆಗೂ ಚೆಕೊಸ್ಲೊವಾಕಿಯಾದ ಪರ ನಿಂತಿತು. ಅದಕ್ಕಾಗಿ ಎಷ್ಟೋ ಮಂದಿ ನಾಜಿಗಳ ಡಖಾವ್ ಸೆರೆಶಿಬಿರ ಸೇರಿದರು. ಒಂದೇ ಭಾಷೆ ಆಡುವವರೆಲ್ಲ ಒಂದೇ ಕಡೆ ಇರಲಿಲ್ಲ. ವೋಲ್ಗಾದಲ್ಲಂತೂ ಯಾರ ಮೇಲೂ ವಿಚಾರಣೆಯೇ ನಡೆಯಲಿಲ್ಲ. ಸೋವಿಯತ್‌ನ ಕೆಂಪು ಸೇನೆಯಲ್ಲಿ ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ಜರ್ಮನ್ ಸೈನಿಕರನ್ನೂ ಹೊರಗೆ ತೆಗೆದರು.

ಗಡಿನಾಡಿಗ:
ಕಪ್ಪು ಸಮುದ್ರದ ಕಡೆಯ ಜರ್ಮನ್ನರ ವಿಷಯ ಬಿಟ್ಟಿರಿ ಮೇಡಂ. ಅವರೂ ಸೋವಿಯತ್ ಪ್ರಜೆಗಳೇ. ಅಲ್ಲಿನ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶದಲ್ಲಿ ಹಿಟ್ಲರನ ಎಸ್‌ಎಸ್ ದಳ ಕಟ್ಟಿದ ಪಡೆಗೆ ಸೇರಿ, 1941-42ರ ಚಳಿಗಾಲದಲ್ಲಿ ಸಾವಿರಾರು ಯಹೂದಿಗಳನ್ನು ಗುಂಡಿಟ್ಟು ಕೊಂದರು.

ಹೇಮಾವತಿ:
ನಿಜ, ಅದನ್ನು ಯಾರೂ ಮುಚ್ಚಿಡಬಾರದು. ಬಂದೂಕು ಹಿಡಿದವರು ಕೊಲೆಗಾರರು. ಆದರೆ ಆ ಕೊಲೆ ನಡೆದದ್ದು ವೋಲ್ಗಾದವರ ಮೇಲಿನ ಆದೇಶ ಹೊರಬಿದ್ದ ಮೇಲೆ, ನೂರಾರು ಮೈಲಿ ದೂರದಲ್ಲಿ. ವೋಲ್ಗಾ ತೀರದ ಸಾರಾಟೊವ್ ನಗರದ ಹತ್ತಿರ ಗೋಧಿ ಬೆಳೆಯುತ್ತಿದ್ದ ರೈತನಿಗೆ ಅದರ ಶಿಕ್ಷೆ ಯಾಕೆ? ಇನ್ನೊಂದು ಮಾತು. 1937-38ರಲ್ಲಿ ರಹಸ್ಯ ಪೊಲೀಸರು ಜರ್ಮನ್ನರ ಮೇಲೆ ಪ್ರತ್ಯೇಕ ಕಾರ್ಯಾಚರಣೆ ನಡೆಸಿ ಸಾವಿರಾರು ಜನರನ್ನು ಗುಂಡಿಟ್ಟಿದ್ದರು. ಮೊದಲು ಆ ರೀತಿ ನಡೆಸಿಕೊಂಡು, ಆಮೇಲೆ ನಿಷ್ಠೆ ಕೇಳಿದ್ದು ಯಾವ ನ್ಯಾಯ?

ಕಡಲತೀರ:
ನಮ್ಮ ಮಂಗಳೂರಲ್ಲೂ ಹೀಗೇ ಆಗಿತ್ತಲ್ವಾ? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಹೆಂಚಿನ ಕಾರ್ಖಾನೆಗಳೂ ಕೈತಪ್ಪಿದವು.

ನದಿದಂಡೆ:
ಒಂದು ವ್ಯತ್ಯಾಸ ಇದೆ. ಮಿಷನ್ನಿನವರು ಜರ್ಮನಿಯ ಪ್ರಜೆಗಳು, ಅವರಿಗೆ ಹಿಂದಿರುಗಲು ಒಂದು ದೇಶ ಇತ್ತು. ವೋಲ್ಗಾದವರು ಏಳೆಂಟು ತಲೆಮಾರಿನಿಂದ ಅಲ್ಲಿಯವರೇ. 1924ರಲ್ಲಿ ಅವರಿಗೆ ಸ್ವಾಯತ್ತ ಗಣರಾಜ್ಯವನ್ನೂ ಕೊಟ್ಟಿದ್ದರು. ಎಂಗೆಲ್ಸ್ ನಗರ ಅದರ ರಾಜಧಾನಿ. ಅದನ್ನೂ ಅಳಿಸಿದರು.

ಹೇಮಾವತಿ:
ಗಡಿನಾಡಿಗ ಅವರೇ, 1941 ಭಯದಿಂದ ಆಯಿತು ಅಂತಲೇ ಇಟ್ಟುಕೊಳ್ಳೋಣ. 1942ರಲ್ಲಿ ಗಂಡಸರನ್ನು, ಆಮೇಲೆ ಹೆಂಗಸರನ್ನೂ ಕಡ್ಡಾಯ ದುಡಿಮೆಯ ಶಿಬಿರಗಳಿಗೆ ಎಳೆದೊಯ್ದರು. ಬಸುರಿಯರು, ಮೂರು ವರ್ಷದೊಳಗಿನ ಮಗು ಇದ್ದ ತಾಯಂದಿರು ಇಷ್ಟೇ ಜನಕ್ಕೆ ವಿನಾಯಿತಿ. ನಾಲ್ಕು ವರ್ಷದ ಮಗುವನ್ನು ಯಾರ ಕೈಗೋ ಕೊಟ್ಟು ಹೋಗಬೇಕಿತ್ತು. ಯುದ್ಧ ಗೆದ್ದು ಮೂರು ವರ್ಷವಾದ ಮೇಲೆ, 1948ರಲ್ಲಿ, ಈ ಗಡಿಪಾರು ಶಾಶ್ವತ, ತಪ್ಪಿಸಿಕೊಂಡರೆ 20 ವರ್ಷ ಕಠಿಣ ಶಿಕ್ಷೆ ಎಂದರು. ಆಗ ಯಾವ ಗೂಢಚಾರನ ಭಯ?

ಗಡಿನಾಡಿಗ:
1948ರ ಆದೇಶವನ್ನು ನಾನು ಸಮರ್ಥಿಸಲ್ಲ. ಅದು ಬರೀ ಕ್ರೌರ್ಯ. ಆದರೆ 1941ರ ಬೇಸಿಗೆಯಲ್ಲಿ ಶತ್ರು ದಿನದಿನಕ್ಕೆ ಒಳಗೆ ಬರುತ್ತಿದ್ದಾಗ, ಒಬ್ಬೊಬ್ಬರನ್ನೇ ಪರೀಕ್ಷಿಸುವಷ್ಟು ಸಮಯ ಯಾರಿಗಿತ್ತು? ಈ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹೇಮಾವತಿ:
4 ಲಕ್ಷ ಜನರನ್ನು ಮನೆಮನೆಯಿಂದ ಎಬ್ಬಿಸಿ, ಪಟ್ಟಿ ಮಾಡಿ, ರೈಲು ಹೊಂದಿಸಿ ಸಾಗಿಸುವಷ್ಟು ಸಮಯ, ಸಿಬ್ಬಂದಿ ಇತ್ತು ಸರ್. ಅದೂ ಯುದ್ಧರಂಗಕ್ಕೆ ರೈಲು ಸಾಲದಿದ್ದ ಹೊತ್ತಿನಲ್ಲಿ. ಅನುಮಾನ ಇದ್ದವರನ್ನು ವಿಚಾರಿಸಲು ಅದರ ಒಂದು ಪಾಲು ಸಾಕಿತ್ತು.

ನದಿದಂಡೆ:
1964ರಲ್ಲಿ ಸರ್ಕಾರವೇ ಆ ಆರೋಪಗಳಿಗೆ ಆಧಾರ ಇರಲಿಲ್ಲ ಎಂದು ಒಪ್ಪಿತು. ಆದರೂ ಊರಿಗೆ ಮರಳಲು ಬಿಡಲಿಲ್ಲ. ಆ ನಿರ್ಬಂಧ ಹೋದದ್ದು 1972ರಲ್ಲಿ. ಗಣರಾಜ್ಯವಂತೂ ಮತ್ತೆ ಬರಲೇ ಇಲ್ಲ.